ಆರನೇ ಕ್ಲಾಸಿಗೊಂದು ಮನೆ

ರಾಯಚರ್ಲು
ಸೋಮವಾರ, ಮೇ ೧೧

ಪ್ರೀತಿಯ ಲೋಹಿತಾ,

ಅತ್ತೆ ಸಿದ್ದಗಂಗಮ್ಮನ ಆಶೀರ್ವಾದ. ಶಿವ ನಿನ್ನನ್ನು ಚೆನ್ನಾಗಿ ಇಟ್ಟಿರಲಿ. ಹೇಗಿದ್ದೀಯ ಕಣಮ್ಮ? ಅಲ್ಲಿಯ ಊಟ ಸೇರುತ್ತಿದೆಯೇ? ಹೋದ ಕಾಗದದಲ್ಲಿ ನೀನು ಬೂಟು ಕಚ್ಚಿ ಎರಡೂ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿದೆ ಎಂದು ಬರೆದಿದ್ದೆ. ಮಲಗುವ ಮುಂಚೆ ಹರಳೆಣ್ಣೆ ಸವರಿ ಹಳೇ ಕಾಲುಚೀಲ ಹಾಕಿಕೊ. ಹರಳೆಣ್ಣೆ ಇಲ್ಲದಿದ್ದರೆ ಮೆಸ್ಸಿನವರನ್ನು ಕೇಳು, ಸಂಕೋಚಪಟ್ಟುಕೊಂಡು ಕುಂಟಬೇಡ. ನಿಮ್ಮನ್ನು ಆನೆ ಓಡಾಡುವ ಕಾಡಿನಲ್ಲೇ ನಡೆಸುತ್ತಾರೆ ಎಂದು ಗೌರೀಶ ಬಾಯಿ ತಪ್ಪಿ ಹೇಳಿದಾಗಿನಿಂದ ನಿಮ್ಮ ಮಾವನವರು ಟಿ.ವಿ. ಮುಂದೆ ಕೂತು ಆನೆ ಸುದ್ದಿ ಹುಡುಕುತ್ತಾರೆ. ‘ಅವ್ಳು ಫಾರೆಸ್ಟ್ ಗಾರ್ಡ್ ಆಗಕ್ಕೆ ಹೋಗಿರೋದು, ಆನೆನೇ ಅವ್ಳಿಗೆ ದಾರಿ ಬುಡ್ತದೆ, ಸುಮ್ಕಿರಿ’ ಎಂದು ಗದರಿದ್ದೇನೆ. ಆದರೂ ನೀನು ಹುಷಾರು. ಸಾಲಿನಲ್ಲಿ ಕೊನೆಯವಳಾಗಿ ನಡೆಯಬೇಡ, ಮಧ್ಯದಲ್ಲಿ ಇರು.

ಇಲ್ಲಿ ನಾವೆಲ್ಲ ಕ್ಷೇಮ. ಬಿಸಿಲು ಯಾವತ್ತಿನ ಹಾಗೆ. ಸೋಲಾರ್ ಪ್ಯಾನಲ್‌ಗಳ ಕೆಳಗಿನ ನೆರಳಿನಲ್ಲಿ ಪಕ್ಕದ ಮನೆ ಓಬಳಮ್ಮನ ಮೇಕೆಗಳು ಸಾಲಾಗಿ ಮಲಗಿರುತ್ತವೆ; ಗೌರೀಶನ ಕೆಲಸದಲ್ಲಿ ಅರ್ಧ ಅವುಗಳನ್ನು ಎಬ್ಬಿಸುವುದೇ ಆಗಿದೆ. ನಿಮ್ಮ ತರಬೇತಿ ಶಿಬಿರಕ್ಕೆ ಸಿಗ್ನಲ್ ಇಲ್ಲ, ಆಫೀಸಿನ ಫೋನು ಸಾವುನೋವಿಗೆ ಮಾತ್ರ ಎಂದು ನೀನೇ ಬರೆದಿದ್ದೀಯ. ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು. ಫೋನಿನಲ್ಲಾದರೆ ನಾನು ಬಾಯಿ ತೆರೆಯುವಷ್ಟರಲ್ಲಿ ‘ಅತ್ತೆ, ವಿಷ್ಯಕ್ಕೆ ಬನ್ನಿ’ ಎನ್ನುತ್ತೀಯ. ಕಾಗದದಲ್ಲಿ ಯಾರೂ ನನ್ನನ್ನು ತಡೆಯುವ ಹಾಗಿಲ್ಲ. ನಿಧಾನವಾಗಿ ಹೇಳುತ್ತೇನೆ, ಸಮಾಧಾನವಾಗಿ ಓದು.

ವಿಷಯ ಮನೆಯದು. ಜೂನ್‌ನಲ್ಲಿ ನೀನು ಕೊರಟಗೆರೆಯಲ್ಲಿ ಡ್ಯೂಟಿಗೆ ಹಾಜರಾಗಬೇಕು. ಗೌರೀಶನ ಕೆಲಸ ಇಲ್ಲೇ ಸೋಲಾರ್ ಪಾರ್ಕಿನಲ್ಲಿ. ಜಮೀನು ಕಂಪನಿಗೆ ಕೊಟ್ಟ ಮೇಲೆ ನಮ್ಮಿಬ್ಬರನ್ನು ಈ ಊರಿನಲ್ಲಿ ಕಟ್ಟಿಹಾಕಿರುವುದೂ ಏನಿಲ್ಲ. ಹಾಗಾಗಿ ಎಲ್ಲರೂ ಒಟ್ಟಿಗೆ ಇರುವಂಥ ಒಂದು ಮನೆ, ಅದರ ಹತ್ತಿರ ಯಶಸ್ವಿನಿಯ ಆರನೇ ಕ್ಲಾಸಿಗೆ ಒಂದು ಒಳ್ಳೆಯ ಶಾಲೆ ಹುಡುಕಿಡಿ ಎಂದು ನಮಗೆ ಒಪ್ಪಿಸಿ ಹೋದೆ. ಬಸ್ಸು ಹತ್ತುವಾಗ ಮತ್ತೆ ತಿರುಗಿ, ‘ಸ್ಕೂಲು, ಏರಿಯಾ ಎರಡೂ ಸರಿಯಾಗಿ ಸಿಕ್ಕಿದ್ರೆ ಸರಿ ಅತ್ತೆ. ಇಲ್ಲಾಂದ್ರೆ ಅವ್ಳು ಹಾಸ್ಟೆಲ್ಲಿಗೇ ಹೋಗ್ಲಿ. ನಂದು ಹೊತ್ತುಗೊತ್ತಿಲ್ಲದ ಕೆಲ್ಸ, ನಿಮ್ಮ ಮಗಂದು ಶಿಫ್ಟು’ ಎಂದೆ. ನಾನು ತಲೆಯಾಡಿಸಿದೆ. ಈಗ ಹೇಳುತ್ತೇನೆ, ಮನಸ್ಸಿನಿಂದ ಆಡಿಸಿದ್ದಲ್ಲ. ಹುಟ್ಟಿದ ಮೂರನೇ ತಿಂಗಳಿಂದ ನನ್ನ ಮಗ್ಗುಲಲ್ಲಿ ಮಲಗಿದ ಮಗು ಅದು. ಆದರೆ ತಾಯಿ ನೀನು, ಓದಿದವಳು ನೀನು, ನಾನು ಬಾಯಿ ಮುಚ್ಚಿಕೊಂಡು ಮನೆ ಹುಡುಕಲು ಹೊರಟೆ.

ನೀನು ಬರೆದಿಟ್ಟ ಹದಿನಾಲ್ಕು ಪ್ರಶ್ನೆಗಳ ಚೀಟಿ ನನ್ನ ಹತ್ತಿರವೇ ಇದೆ. ಪಾರ್ಕು ಇದೆಯೇ, ರಸ್ತೆ ದಾಟದೆ ಶಾಲೆಗೆ ಹೋಗಬಹುದೇ, ಪಕ್ಕದಲ್ಲಿ ಬಾರು ಇದೆಯೇ, ಎಲ್ಲ. ನಿಮ್ಮ ಮಾವನವರಿಗೆ ಮಾತ್ರ ಚೀಟಿ ಗೀಟಿ ಏನೂ ಬೇಡ. ಅವರದು ಒಂದೇ ಪ್ರಶ್ನೆ: ಟೀ ಅಂಗಡಿಯಲ್ಲಿ ಬೆಂಚು ಇದೆಯೇ, ಪೇಪರ್ ತರಿಸುತ್ತಾರೆಯೇ. ಮೊದಲ ದಿನದಿಂದಲೂ ‘ಕಳ್ಳಂಬೆಳ್ಳಕ್ಕೆ ಹೋಗ್ಬುಡಾಣ, ನಮ್ಮ ಚಿಕ್ಕಪ್ಪನ ಮಗ ಅವ್ನೆ, ಕೆರೆ ಏರಿ ಮೇಲೆ ತಣ್ಣಗೆ ಗಾಳಿ ಬೀಸ್ತದೆ’ ಎಂದು ಅದನ್ನೇ ಹಾಡುತ್ತಿದ್ದರು. ಗಾಳಿ ಬೀಸಿದರೆ ಮೊಮ್ಮಗಳು ಪಾಸಾಗುತ್ತಾಳೆಯೇ ಎಂದು ಕೇಳಿದ್ದಕ್ಕೆ ಎರಡು ದಿನ ಮುಖ ಊದಿಸಿಕೊಂಡಿದ್ದರು.

ಹೋದ ತಿಂಗಳ ಕೊನೆ ವಾರ ಮೊದಲು ಸಿರಾಕ್ಕೆ ಹೋದೆವು. ಗೌರೀಶ, ನಾನು, ಮಗು. ಬರಗೂರಿನಲ್ಲಿ ಬಸ್ಸು ಬದಲಾಯಿಸುವಾಗ ಒಂದೇ ಸೀಟು ಖಾಲಿ ಇತ್ತು. ಬುರ್ಖಾ ಹಾಕಿದ್ದ ಒಬ್ಬ ಅಮ್ಮ ‘ಬೈಠೋ ಬೇಟಾ’ ಎಂದು ಯಶಸ್ವಿನಿಯನ್ನು ತೊಡೆ ಮೇಲೆ ಕೂರಿಸಿಕೊಂಡು ಸಿರಾದವರೆಗೂ ಬಟಾಣಿ ತಿನ್ನಿಸಿದರು. ನನಗೆ ಆ ಊರು ಅಲ್ಲೇ ಹಿಡಿಸಿತ್ತು. ಆದರೆ ಬ್ರೋಕರ್ ಭೀಮರಾಜು ನಮ್ಮನ್ನು ಊರೊಳಗೆ ಬಿಡದೆ ಹೈವೇ ಪಕ್ಕದ ಒಂದು ಲೇಔಟಿಗೆ ಕರೆದುಕೊಂಡು ಹೋದ. ರಸ್ತೆ ಅಗಲ, ಗೇಟಿಗೆಲ್ಲ ಬಣ್ಣ, ನಿನ್ನ ಚೀಟಿಯ ಹದಿನಾಲ್ಕರಲ್ಲಿ ಹನ್ನೆರಡಕ್ಕೆ ಟಿಕ್ ಹಾಕಿದೆ, ಸುಳ್ಳು ಹೇಳುವುದಿಲ್ಲ. ‘ಬಿಲ್ಕುಲ್ ಫ್ಯಾಮಿಲಿ ಏರಿಯಾ ಅಜ್ಜಿ, ಎಲ್ಲಾ ಆಫೀಸರ್‌ಗಳೇ. ಒಂದು ಮಗೀನ ಸದ್ದು ಕೇಳ್ಸಲ್ಲ ನೋಡಿ’ ಎಂದ. ಶಿವನೇ, ಸಾಯಂಕಾಲ ಐದು ಗಂಟೆ, ಬೇಸಿಗೆ ರಜ, ನಿಜವಾಗಿಯೂ ಒಂದು ಮಗುವಿನ ಸದ್ದೂ ಇರಲಿಲ್ಲ. ಎಲ್ಲ ಟ್ಯೂಷನ್ ಒಳಗೆ. ನೀರಿನ ವಿಷಯ ಕೇಳೋಣ ಎಂದು ಒಂದು ಬಾಗಿಲು ತಟ್ಟಿದೆ. ನೀನು ಬಿಸಾಕಿ ಎಂದಿದ್ದ ನನ್ನ ಅಂಗನವಾಡಿ ಬ್ಯಾಗು ಹೆಗಲಲ್ಲಿತ್ತು. ಅದನ್ನು ನೋಡಿದ ಆ ಹೆಂಗಸು ‘ಸರ್ವೆನಾ? ನಮ್ದಾಗೋಗಿದೆ, ಸ್ಟಿಕ್ಕರ್ ನೋಡ್ಕಳಿ’ ಎಂದು ಬಾಗಿಲು ಹಾಕಿಕೊಂಡಳು. ಮೂರು ಮನೆಯಲ್ಲೂ ಅದೇ ಕಥೆ.

ಅಷ್ಟೇ ಆಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ಮಾರನೆಯ ದಿನ ಆ ಬಡಾವಣೆಯ ಮಕ್ಕಳು ಹೋಗುವ ಶಾಲೆಗೆ ಹೋದೆವು. ಹೆಸರು ಬೇಡ. ಏಸಿ ಕೋಣೆಯಲ್ಲಿ ಒಬ್ಬ ಮೇಡಂ ಇಂಗ್ಲಿಷಿನಲ್ಲಿ, ಸಂಜೆ ಹೊತ್ತು ಏನು ಮಾಡುತ್ತೀಯ ಎಂದು ಯಶಸ್ವಿನಿಯನ್ನು ಕೇಳಿದರು. ಪ್ರಶ್ನೆ ಅವಳಿಗೆ ಅರ್ಥವಾಯಿತು ಲೋಹಿತಾ, ಅದನ್ನು ನೀನು ತಿಳಿದುಕೊ. ಸಂತೋಷದಿಂದ, ‘ಮೇಕಲು ಇಂಟಿಕಿ ಬರೋ ಟೈಮ್‌ಗೆ ದಿಬ್ಬದ ಮೇಲೆ ನಿಂತ್ಕಂತೀನಿ ಮೇಡಂ’ ಎಂದಳು. ಓಬಳಮ್ಮನ ಮೇಕೆಗಳು ಮನೆಗೆ ಬರುವುದನ್ನೇ ಹೇಳಿದ್ದು; ನಮ್ಮ ಕಡೆ ಮಕ್ಕಳ ಬಾಯಲ್ಲಿ ತೆಲುಗು ಕನ್ನಡ ಬೇರೆ ಬೇರೆ ಎಲ್ಲಿದೆ? ಮೇಡಂ ಪಕ್ಕದವರ ಕಡೆ ತಿರುಗಿ ‘ಇದ್ಯಾವ ಭಾಷೆ?’ ಎಂದು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ನನಗೆ ಪಿತ್ತ ನೆತ್ತಿಗೇರಿತು. ಗೌರೀಶ ನನ್ನ ಕೈ ಹಿಡಿದು ಒತ್ತದಿದ್ದರೆ ಆ ಏಸಿ ಕೋಣೆಯನ್ನು ಬಿಸಿ ಮಾಡಿಯೇ ಬರುತ್ತಿದ್ದೆ. ಮಗು ಅಲ್ಲಿಂದ ಹೊರಗೆ ಬಂದದ್ದೇ ಮಾತು ನಿಲ್ಲಿಸಿತು. ಹೂಂ, ಉಹೂಂ ಅಷ್ಟೇ. ಮನೆಗೆ ಬಂದ ಮೇಲೂ ಹಾಗೇ. ಓಬಳಮ್ಮ ಕರೆದರೂ ದಿಬ್ಬಕ್ಕೆ ಹೋಗಲಿಲ್ಲ. ಮೊದಲೇ ಬರೆದರೆ ನೀನು ಅಲ್ಲಿ ಕೂತು ಸಂಕಟಪಡುತ್ತೀಯ ಎಂದು ಇಷ್ಟು ದಿನ ತಿಳಿಸಲಿಲ್ಲ, ಬೈಯಬೇಡ.

ಆಮೇಲೆ ಕೊರಟಗೆರೆ. ನಿನಗೆ ಹತ್ತಿರವಾಗುತ್ತದೆ ಎಂದು ಆಸೆಯಿಂದಲೇ ಹೋದೆ. ಶಾಲೆ ಚೆನ್ನಾಗಿತ್ತು, ಮನೆಯೂ ಗಾಳಿ ಬೆಳಕಿನದು. ಆದರೆ ಓನರ್ ಪುಣ್ಯಾತ್ಮ ನಿನಗಿಂತ ದೊಡ್ಡ ಚೀಟಿ ಇಟ್ಟುಕೊಂಡಿದ್ದ. ಒರಳಲ್ಲಿ ಕುಟ್ಟಬಾರದು, ಮಗು ಮೆಟ್ಟಿಲ ಮೇಲೆ ಓಡಬಾರದು, ನೆಂಟರು ಮೂರು ದಿನದ ಮೇಲೆ ಇರಬಾರದು. ‘ಉಸಿರಾಡ್ಬೋದಾ ಸ್ವಾಮಿ?’ ಎಂದು ಕೇಳಿ ಇಳಿದು ಬಂದೆ. ಅದೂ ಅಲ್ಲದೆ ಅಲ್ಲಿಂದ ಗೌರೀಶನಿಗೆ ಕೆಲಸಕ್ಕೆ ಬರುವುದೇ ಒಂದು ಕೆಲಸವಾಗುತ್ತಿತ್ತು. ಬಸ್ಸಿನಲ್ಲಿ ಅವನು ಕಿಟಕಿ ಕಡೆ ಮುಖ ಮಾಡಿಕೊಂಡು, ‘ಲೋಹಿತಾ ಹೇಳಿದ್ದೇ ಸರಿ ಅನ್ಸುತ್ತೆ ಕಣಮ್ಮ, ಹಾಸ್ಟೆಲ್ಲಿಗೇ ಹಾಕ್ಬುಡಾಣ’ ಎಂದ. ಮಗು ಮಧ್ಯದ ಸೀಟಿನಲ್ಲಿ ಕೂತು ಕೇಳಿಸಿಕೊಳ್ಳುತ್ತಿತ್ತು. ನಾನು ಅವನನ್ನು ಒಂದು ನೋಟ ನೋಡಿದೆ, ಮಧುಗಿರಿ ಬರುವವರೆಗೆ ಅವನು ತಿರುಗಲಿಲ್ಲ.

ಹೋದ ಶುಕ್ರವಾರ ಮಧುಗಿರಿಗೆ ಹೊರಟಾಗ ಗೌರೀಶನಿಗೆ ರಜೆ ಸಿಗಲಿಲ್ಲ. ನಿಮ್ಮ ಮಾವ, ನಾನು, ಯಶಸ್ವಿನಿ ಮೂವರೇ. ಬೆಟ್ಟದ ಮಗ್ಗುಲಲ್ಲೇ ಒಂದು ಬೀದಿ ಇದೆ, ಅತ್ತ ಹಳೇ ಪೇಟೆಯೂ ಅಲ್ಲ, ಇತ್ತ ಹೊಸ ಲೇಔಟೂ ಅಲ್ಲ. ನಿಮ್ಮ ಮಾವನವರಿಗೆ ಬೀದಿಯ ತುದಿಯಲ್ಲೇ ಬೆಂಚಿರುವ ಟೀ ಅಂಗಡಿ ಸಿಕ್ಕಿತು, ಅವರ ಹುಡುಕಾಟ ಅಲ್ಲಿಗೆ ಮುಗಿಯಿತು. ನಾನು ಮಗುವಿನ ಕೈ ಹಿಡಿದು ಮುಂದೆ ಹೋಗಿ, ಒಂದು ಬೇವಿನ ಮರದ ಕಟ್ಟೆ ಮೇಲೆ ಕೂತು, ನೋಡಿದ್ದನ್ನು ಬರೆದುಕೊಳ್ಳೋಣ ಎಂದು ಬ್ಯಾಗಿನಿಂದ ಹಳೇ ರಿಜಿಸ್ಟರ್ ತೆಗೆದೆ. ಆಮೇಲೆ ಆದದ್ದನ್ನು ಓದಿ ನೀನು ನಗಬಾರದು. ಎದುರು ಮನೆಯ ಹುಡುಗಿ ಕಂಕುಳಲ್ಲಿ ಕೂಸು ಎತ್ತಿಕೊಂಡು ಬಂದು, ಕೇಳದೆಯೇ ಕೂಸಿನ ತೂಕ, ಚುಚ್ಚುಮದ್ದು ಬರೆಯುವ ತಾಯಿ ಕಾರ್ಡ್ ನನ್ನ ಮುಂದೆ ಹಿಡಿದಳು. ಕಾರ್ಡ್ ಕಣ್ಣಿಗೆ ಬಿದ್ದರೆ ನನ್ನ ಕೈ ಸುಮ್ಮನಿರುತ್ತದೆಯೇ? ಮೂವತ್ತೆರಡು ವರ್ಷ ಅದನ್ನೇ ಮಾಡಿದ ಕೈ. ಕೂಸಿನ ಹೆಸರು ಬರೆದೆ, ಬ್ಯಾಗಿನಲ್ಲಿದ್ದ ಪುಷ್ಟಿ ಅಳೆಯುವ ಬಣ್ಣದ ಟೇಪು ತೆಗೆದು ತೋಳಿಗೆ ಸುತ್ತಿದೆ, ಹಸಿರು ಬಂತು, ‘ಭೇಷ್’ ಎಂದೆ. ಅಷ್ಟರಲ್ಲಿ ಇನ್ನೊಬ್ಬಳು ಬಂದಳು. ಮತ್ತೊಬ್ಬಳು ಬಂದಳು. ಸಾಲು ನಿಂತಿತು. ಹನ್ನೊಂದು ಮಕ್ಕಳ ತೋಳು ಅಳೆದು ಮುಗಿಸಿದ್ದೆ. ಹನ್ನೆರಡನೆಯ ಮಗುವಿನ ತಾಯಿ ‘ಮೇಡಂ, ಈ ತಿಂಗ್ಳು ಮೊಟ್ಟೆ ಯಾವಾಗ್ ಕೊಡ್ತೀರಾ?’ ಎಂದು ಕೇಳಿದಾಗ ನನಗೆ ಎಚ್ಚರವಾಯಿತು. ನಾನು ರಿಟೈರಾಗಿ ಎರಡು ವರ್ಷವಾಗಿದೆ. ಇದು ನನ್ನ ಊರಲ್ಲ. ಇವರಿಗೆ ನಾನು ಯಾರೂ ಅಲ್ಲ.

ನಾಲಿಗೆ ಕಚ್ಚಿಕೊಂಡು ಟೇಪು ಸುತ್ತಿಡುತ್ತಿದ್ದೆ, ಆ ಬೀದಿಯ ನಿಜವಾದ ಅಂಗನವಾಡಿ ಕಾರ್ಯಕರ್ತೆ ಚಿಕ್ಕಹನುಮಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡೋಡಿ ಬಂದಳು. ಬೆವರಿ ನೀರಾಗಿದ್ದಳು. ‘ಮೇಲಿಂದ ಚೆಕಿಂಗ್‌ಗೆ ಬಂದ್ರಾ ಮೇಡಂ? ಒಂದ್ ಫೋನ್ ಮಾಡ್ಬಾರ್ದಿತ್ತಾ?’ ಎಂದಳು. ಅವಳಿಗೆ ನನ್ನ ಭಯ, ನನಗೆ ಅವಳ ಭಯ. ನಾನು ನಿಜ ಹೇಳಿಬಿಟ್ಟೆ: ‘ತಾಯೀ, ನಾನು ಮನೆ ಹುಡ್ಕಂಡು ಬಂದವಳು, ನಿನ್ನಂಗೇ ಟೀಚರಾಗಿದ್ದೆ, ಕೈ ಕೇಳ್ಲಿಲ್ಲ.’ ಒಂದು ಕ್ಷಣ ಕಣ್ಣು ಕಣ್ಣು ಬಿಟ್ಟಳು. ಆಮೇಲೆ ಕಟ್ಟೆ ಮೇಲೆ ಕುಸಿದು ಕೂತು ಹೊಟ್ಟೆ ಹುಣ್ಣಾಗುವಂತೆ ನಕ್ಕಳು. ನನ್ನ ರಿಜಿಸ್ಟರ್ ತೆಗೆದುಕೊಂಡು ಹಳದಿ ಬಂದ ಒಂದು ಕೂಸಿನ ಹೆಸರಿನ ಮೇಲೆ ಬೆರಳಿಟ್ಟು, ‘ನಾನ್ ಎರಡ್ ತಿಂಗ್ಳಿಂದ ಬಡ್ಕತಾ ಇವ್ನಿ, ಅವರಮ್ಮ ಕಿವೀಗೆ ಹಾಕ್ಕಳಲ್ಲ, ನೀವೊಂದ್ ಮಾತ್ ಹೇಳ್ಬುಡಿ’ ಎಂದಳು. ಇಬ್ಬರೂ ಹೋಗಿ ಆ ತಾಯಿಗೆ ಹೆಸರುಕಾಳು, ಮೊಟ್ಟೆ, ರಾಗಿ ಸರಿ ಎಂದು ಬುದ್ಧಿ ಹೇಳಿ ಬಂದೆವು. ಅಷ್ಟು ಹೊತ್ತಿಗೆ ಬೀದಿಯ ಸಮಾಚಾರವೆಲ್ಲ ನನ್ನ ರಿಜಿಸ್ಟರಿನಲ್ಲಿತ್ತು. ನಲ್ಲಿ ನೀರು ಐದು ದಿನಕ್ಕೊಮ್ಮೆ. ಬಾರು ಇಲ್ಲ. ಮೂಲೆ ಮನೆಯವನು ಕುಡಿಯುತ್ತಾನೆ, ಆದರೆ ಕುಡಿದ ಮೇಲೆ ಮಲಗುತ್ತಾನೆ, ಗಲಾಟೆ ಮಾಡುವುದಿಲ್ಲ. ಕೋತಿ ಕಾಟ ಇದೆ. ಇಪ್ಪತ್ತಾರು ಮಕ್ಕಳಲ್ಲಿ ಹತ್ತೊಂಬತ್ತು ಮಕ್ಕಳು ಬೀದಿಯ ತುದಿಯ ಸರ್ಕಾರಿ ಶಾಲೆಗೇ ಹೋಗುತ್ತವೆ. ಅವರ ತಂದೆತಾಯಿಯರಲ್ಲಿ ಇಬ್ಬರು ಮೇಷ್ಟ್ರುಗಳು ಎಂಬುದನ್ನು ನಾನು ವಿಶೇಷವಾಗಿ ಕೇಳಿ ಬರೆದುಕೊಂಡೆ.

ಸರ್ಕಾರಿ ಶಾಲೆ ಎಂದ ಕೂಡಲೇ ನೀನು ಕಾಗದ ಮಡಚಿಡಬೇಡ. ಚಿಕ್ಕಹನುಮಕ್ಕ ನಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋದಾಗ ಹೆಡ್‌ಮೇಷ್ಟ್ರು ರೇಣುಕಯ್ಯನವರು ಪ್ಯಾಂಟು ಮೊಣಕಾಲಿಗೆ ಮಡಚಿಕೊಂಡು ನೀರಿನ ಸಂಪು ತೊಳೆಯುತ್ತಿದ್ದರು. ರಜೆಯಲ್ಲೂ ದಾಖಲಾತಿಗೆಂದು ಬರುತ್ತಾರಂತೆ. ಆರನೇ ಕ್ಲಾಸಿಗೆ ಕನ್ನಡ, ಇಂಗ್ಲಿಷ್ ಎರಡರಲ್ಲೂ ಕಲಿಸುವ ವಿಭಾಗ ಇದೆ, ಮೂವತ್ತೇ ಮಕ್ಕಳು. ಗಣಿತಕ್ಕೆ ಬೇರೆ ಮೇಡಂ ಇದ್ದಾರೆ, ಹೋದ ವರ್ಷ ಬಂದವರು. ಮೇಷ್ಟ್ರು ಕೈ ಒರೆಸಿಕೊಳ್ಳುತ್ತಾ ಯಶಸ್ವಿನಿಯನ್ನು ‘ನಿಮ್ಮೂರಲ್ಲಿ ಸಾಯಂಕಾಲ ಏನ್ ಮಾಡ್ತೀಯಮ್ಮ?’ ಎಂದು ಕೇಳಿದರು. ಸಿರಾದಲ್ಲಿ ಕೇಳಿದ ಅದೇ ಪ್ರಶ್ನೆ! ಮಗು ನನ್ನ ಸೆರಗು ಹಿಡಿದುಕೊಂಡಿತು. ನಾನು ಉತ್ತರ ಹೇಳಿಬಿಡೋಣ ಎಂದು ಬಾಯಿ ತೆರೆದೆ, ಚಿಕ್ಕಹನುಮಕ್ಕ ನನ್ನನ್ನು ಜಿಗುಟಿದಳು. ಮೇಷ್ಟ್ರು ಅವಸರ ಮಾಡಲಿಲ್ಲ, ಮತ್ತೆರಡು ಚೊಂಬು ನೀರು ಹೊಯ್ದರು. ಹತ್ತು ದಿನದಿಂದ ಮಾತಾಡದ ಮಗು ಮೆಲ್ಲಗೆ ‘ಮೇಕಲು ಬರೋದು ನೋಡ್ತೀನಿ ಸಾರ್’ ಎಂದಿತು. ‘ಎಷ್ಟು ಮೇಕಲು?’ ಎಂದು ಅವರೂ ಅವಳ ಮಾತಿನಲ್ಲೇ ಕೇಳಿದರು. ‘ಗೊತ್ತಿಲ್ಲ ಸಾರ್.’ ‘ಮತ್ತೆ ಒಂದು ತಪ್ಪಿಸ್ಕಂಡ್ರೆ ಹೆಂಗೆ ಗೊತ್ತಾಗ್ತದೆ?’ ಎಂದರು. ಅದಕ್ಕೆ ಇವಳು, ‘ಎಣ್ಸಲ್ಲ ಸಾರ್, ಮುಖಾಲು ನೋಡ್ತೀನಿ. ಯಾವ ಮುಖಂ ಇಲ್ವೋ ಅದು ತಪ್ಪಿಸ್ಕಂಡಿರ್ತದೆ’ ಎಂದಳು. ಮೇಷ್ಟ್ರು ಜೋರಾಗಿ ನಕ್ಕರು. ಆ ನಗುವಿಗೂ ಸಿರಾದ ನಗುವಿಗೂ ಇರುವ ವ್ಯತ್ಯಾಸ ಹತ್ತು ವರ್ಷದ ಮಗುವಿಗೂ ತಿಳಿಯುತ್ತದೆ. ‘ನಾನೂ ಹಂಗೇ ಕಣಮ್ಮ ಹಾಜರಿ ತಗೊಳ್ಳೋದು’ ಎಂದರು. ನನಗೆ ಅಳು ಬಂತು, ಕಣ್ಣಿಗೆ ಸೆರಗು ಒತ್ತಿಕೊಂಡೆ. ಫಾರಂ ತುಂಬಿ ಕೊಟ್ಟಿದ್ದೇನೆ. ಜಾಗ ಹಿಡಿದಿಟ್ಟಿದ್ದಾರೆ ಅಷ್ಟೇ, ಇಲ್ಲಿಯ ಟಿ.ಸಿ. ಕೊಟ್ಟ ಮೇಲೆಯೇ ಖಾಯಂ. ಅಲ್ಲಿಯವರೆಗೆ ನಿನ್ನ ಮಾತಿಗೆ ಜಾಗ ಇದೆ.

ಮನೆ ದಾಸಮ್ಮ ಎಂಬವರದು. ಮುಂದೆ ಅವರು, ಹಿಂದಿನ ಮೂರು ಕೋಣೆ ನಮಗೆ. ಅಡುಗೆಮನೆ ಇಕ್ಕಟ್ಟು, ಇಬ್ಬರು ನಿಂತರೆ ಮೊಣಕೈ ತಾಗುತ್ತದೆ. ಹೇಗೂ ನಾನು ಮಾಡುವಾಗ ನೀನು ಬರುವುದಿಲ್ಲ, ನೀನು ಮಾಡುವಾಗ ನಾನು ಬಂದರೆ ನಿನಗಾಗುವುದಿಲ್ಲ. ಕೊರಟಗೆರೆಗೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ ಸಾಕು. ಗೌರೀಶನ ಕಂಪನಿ ವ್ಯಾನು ಮಧುಗಿರಿ ಬಸ್‌ಸ್ಟ್ಯಾಂಡಿನಿಂದಲೇ ಹೊರಡುತ್ತದೆ. ನಿನ್ನದು ಏನು ಕೆಲಸ ಎಂದು ದಾಸಮ್ಮ ಕೇಳಿದರು, ಹೇಳಿದೆ. ‘ಹೆಣ್ಮಗ್ಳು ಫಾರೆಸ್ಟಾ? ಹಂಗಾರೆ ಈ ಕೋತಿಗಳ್ಗೆ ಒಂದ್ ದಾರಿ ತೋರ್ಸಕ್ಕೇಳಿ’ ಎಂದರು. ನಾವು ಮಾತಾಡುತ್ತಿದ್ದಾಗ ಹೊರಗೆ ಬೆಟ್ಟದ ನೆರಳು ಬೀದಿಗೆ ಇಳಿದಿತ್ತು, ಮಕ್ಕಳೆಲ್ಲ ಈಚೆ ಬಂದಿದ್ದವು. ದಾಸಮ್ಮನ ಮೊಮ್ಮಗಳು ಹರ್ಷಿತಾ, ಅವಳೂ ಆರನೇ ಕ್ಲಾಸಿಗೇ, ‘ಬಾರೇ, ನಮ್ ಕಡೀಕೆ ಒಬ್ರು ಕಮ್ಮಿ ಅವ್ರೆ’ ಎಂದು ನಮ್ಮವಳ ಕೈ ಹಿಡಿದು ಎಳೆದಳು. ನಾನು ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ. ಕುಂಟೆಬಿಲ್ಲೆ ಆಟ. ಹತ್ತು ನಿಮಿಷಕ್ಕೆ ನಮ್ಮ ಯಶಸ್ವಿನಿ ಸೊಂಟಕ್ಕೆ ಕೈಕೊಟ್ಟು ‘ಔಟ್ ಕಾದು! ಔಟ್ ಅಲ್ಲ! ಗೆರೆ ಮುಟ್ಟಿಲ್ಲ, ಔಟ್ ಕಾದು!’ ಎಂದು ಬೀದಿ ಕೇಳುವ ಹಾಗೆ ಜಗಳಕ್ಕೆ ನಿಂತಿದ್ದಳು. ನಾವು ಹೊರಡುವ ಹೊತ್ತಿಗೆ ಮಧುಗಿರಿಯ ಮೂರು ಮಕ್ಕಳು ‘ಕಾದು, ಕಾದು’ ಎಂದು ತೆಲುಗಿನಲ್ಲಿ ಕೂಗಾಡುತ್ತಿದ್ದವು. ಬಸ್ಸಿನಲ್ಲಿ ಅವಳು ಪಾವಗಡದವರೆಗೂ ಬಾಯಿ ಮುಚ್ಚಲಿಲ್ಲ. ನಿಮ್ಮ ಮಾವನವರು ‘ಹತ್ತು ದಿನದ್ದೆಲ್ಲ ಒಟ್ಗೇ ತೀರುಸ್ಕತಾ ಅವ್ಳೆ’ ಎಂದು ಕಿವಿ ಮುಚ್ಚಿಕೊಂಡು ನಕ್ಕರು.

ನಿನ್ನ ಚೀಟಿಯ ಲೆಕ್ಕದಲ್ಲಿ ಈ ಬೀದಿಗೆ ಹದಿನಾಲ್ಕಕ್ಕೆ ಎಂಟು. ಪಾರ್ಕಿಲ್ಲ, ಶಾಲೆಗೆ ಬಸ್ಸಿಲ್ಲ, ಕಂಪ್ಯೂಟರ್ ಕೋಣೆಗೆ ಬೀಗ ಹಾಕಿದ್ದಾರೆ, ಬೇಸಿಗೆಯಲ್ಲಿ ಬಂಡೆ ಕಾದು ಮನೆಯೊಳಗೆ ಝಳ ಬರುತ್ತದೆ. ಎಲ್ಲವನ್ನೂ ಬಚ್ಚಿಡದೆ ಬರೆದಿದ್ದೇನೆ. ಈ ವರ್ಷ ಅಧಿಕಮಾಸ ಬೇರೆ, ಬರುವ ಭಾನುವಾರದಿಂದ ಹಿಡಿಯುತ್ತದೆ, ಆಮೇಲೆ ಒಂದು ತಿಂಗಳು ನಿಮ್ಮ ಮಾವ ಹೊಸ ಮನೆಯಲ್ಲಿ ಒಲೆ ಹಚ್ಚಲು ಬಿಡುವುದಿಲ್ಲ. ಅದಕ್ಕೇ ಗುರುವಾರ ಬೆಳಿಗ್ಗೆ ಹೋಗಿ ಹಾಲು ಉಕ್ಕಿಸಿ ಬರುತ್ತೇವೆ. ನಿನಗಂತೂ ಮನೆ ಬೇಕೇ ಬೇಕಲ್ಲ, ಅದರಲ್ಲಿ ತಪ್ಪಿಲ್ಲ. ಆ ಮನೆಯಲ್ಲಿ ಮಗು ಇರುತ್ತಾಳೋ ಇಲ್ಲವೋ ಎಂಬುದಷ್ಟೇ ಉಳಿದದ್ದು.

ಹಾಸ್ಟೆಲ್ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ ಲೋಹಿತಾ. ಐದನೇ ಕ್ಲಾಸಿನಿಂದ ಹಾಸ್ಟೆಲಿನಲ್ಲಿ ಓದಿದ್ದಕ್ಕೇ ನೀನು ಇವತ್ತು ಖಾಕಿ ಹಾಕಿದ್ದೀಯ, ನಮ್ಮ ಮನೆಯಲ್ಲಿ ನಿನ್ನಷ್ಟು ಗಟ್ಟಿಗರು ಯಾರೂ ಇಲ್ಲ. ಆದರೆ ಮದುವೆಯಾದ ಹೊಸದರಲ್ಲಿ ಅಕ್ಕಿ ಆರಿಸುತ್ತಾ ನೀನು ಒಂದು ಮಾತು ಹೇಳಿದ್ದೆ, ನಿನಗೆ ನೆನಪಿದೆಯೋ ಇಲ್ಲವೋ. ‘ಭಾನುವಾರ ನಮ್ಮಪ್ಪ ನೋಡ್ಕೊಂಡು ವಾಪಸ್ ಹೋದ್ಮೇಲೆ ಊಟದ ಬೆಲ್ ಹೊಡಿಯೋವರೆಗೂ ಗೇಟ್ ಹತ್ರಾನೇ ನಿಂತಿರ್ತಿದ್ದೆ ಅತ್ತೆ’ ಎಂದು ನಗುತ್ತಾ ಹೇಳಿದೆ. ನಾನೂ ನಕ್ಕೆ. ಆಮೇಲೆ ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ. ನಿನಗೆ ಆಗ ಬೇರೆ ದಾರಿ ಇರಲಿಲ್ಲ, ನಿಮ್ಮ ಊರಿನಲ್ಲಿ ಶಾಲೆಯೇ ಇರಲಿಲ್ಲ. ಇವಳಿಗೆ ದಾರಿ ಇದೆ. ನಿನಗೆ ರಾತ್ರಿ ಗಸ್ತು ಇದ್ದರೆ ನಾನಿದ್ದೇನೆ, ನನಗೆ ಮಂಡಿ ನೋವು ಬಂದರೆ ದಾಸಮ್ಮ ಇದ್ದಾರೆ, ಎಲ್ಲರೂ ಕೈ ಬಿಟ್ಟರೆ ಟೀ ಅಂಗಡಿಯ ಬೆಂಚಿನ ಮೇಲೆ ನಿಮ್ಮ ಮಾವನವರು ಇದ್ದೇ ಇರುತ್ತಾರೆ. ಇಷ್ಟು ಹೇಳಬೇಕು ಅನ್ನಿಸಿತು, ಹೇಳಿದೆ.

ಯಶಸ್ವಿನಿ ನಿನಗೆ ಮುತ್ತು ಕಳಿಸಿದ್ದಾಳೆ, ಆನೆ ಮರಿ ನೋಡಿದೆಯಾ ಎಂದು ಕೇಳಲು ಹೇಳಿದ್ದಾಳೆ. ಗೌರೀಶ ಪ್ರತ್ಯೇಕವಾಗಿ ಬರೆಯುತ್ತಾನಂತೆ, ನಾಲ್ಕು ದಿನದಿಂದ ಇದನ್ನೇ ಹೇಳುತ್ತಿದ್ದಾನೆ. ನಿಮ್ಮ ಮಾವನವರ ಆಶೀರ್ವಾದ, ಓಬಳಮ್ಮನ ನೆನಪುಗಳು. ಹೊಟ್ಟೆ ತುಂಬ ಉಣ್ಣು, ತರಬೇತಿ ಮುಗಿಸಿ ನಗುನಗುತ್ತಾ ನಮ್ಮ ಹೊಸ ಮನೆಗೆ ಬಾ. ನಮ್ಮಪ್ಪ ಶಿವ ನಿನ್ನ ಬೆನ್ನ ಹಿಂದೆ ಇರಲಿ.

ಇಂತಿ ನಿನ್ನ ಅತ್ತೆ,
ಸಿದ್ದಗಂಗಮ್ಮ

ಕಾಗದ ಮಡಚುವ ಮುಂಚೆ ಇನ್ನೊಂದು ಮಾತು: ಪೋಸ್ಟಿನ ಜಾನಯ್ಯ ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ನೀನು ಸಹಿ ಮಾಡಿ, ರಿಜಿಸ್ಟರ್ ಪೋಸ್ಟ್ ಮಾಡಿ ಎಂದು ನನ್ನ ಕೈಗೆ ಕೊಟ್ಟು ಹೋಗಿದ್ದ ಹಾಸ್ಟೆಲ್ ಫಾರಂ ನಾನು ಕಳಿಸಲಿಲ್ಲ. ಮೂರು ಸಲ ಪೋಸ್ಟಾಫೀಸಿನ ಮೆಟ್ಟಿಲು ಹತ್ತಿ ಇಳಿದೆ. ಹರಿದೂ ಹಾಕಲಿಲ್ಲ, ಅದಕ್ಕೆ ನನಗೆ ಹಕ್ಕಿಲ್ಲ. ಈ ಕವರಿನೊಳಗೇ ಇಟ್ಟಿದ್ದೇನೆ ನೋಡು. ಕೊನೆಯ ದಿನ ಮೇ ಇಪ್ಪತ್ತೈದು. ಕಳಿಸುವುದಾದರೆ ಅಲ್ಲಿಂದ ನೀನೇ ಕಳಿಸು, ನಾನು ಒಂದು ಮಾತೂ ಆಡುವುದಿಲ್ಲ. ಅದರಲ್ಲಿ ಫೋಟೋ ಮಾತ್ರ ಇಲ್ಲ. ಶುಕ್ರವಾರ ಮೇಷ್ಟ್ರು ‘ನಾಳೆ ಎರಡನೇ ಶನಿವಾರ, ನಾಡಿದ್ದು ಭಾನುವಾರ, ಸೋಮವಾರ ಪಟ್ಟಿ ಹೋಗ್ತದೆ, ಫೋಟೋ ಇವತ್ತೇ ಬೇಕು’ ಎಂದರು. ಸ್ಟುಡಿಯೋದವನು ಮದುವೆಗೆ ಹೋಗಿ ಬಾಗಿಲು ಹಾಕಿದ್ದ. ಟೀ ಅಂಗಡಿಯಲ್ಲಿ ನಿಮ್ಮ ಮಾವ ಬಿಸಿ ಟೀ ಲೋಟ ಹಿಡಿದುಕೊಂಡರು, ನಾನು ಅದರ ಹಬೆಗೆ ಬ್ಯಾಗಿನಲ್ಲೇ ಇದ್ದ ಹಾಸ್ಟೆಲ್ ಫಾರಂ ಹಿಡಿದು ಮಗುವಿನ ಫೋಟೋ ಬಿಡಿಸಿ, ಮಧುಗಿರಿ ಫಾರಂಗೆ ಅಂಟಿಸಿಬಿಟ್ಟೆ. ಮನೆಯಲ್ಲಿ ಇನ್ನೊಂದು ಪ್ರತಿ ಇಲ್ಲ. ಉಳಿದಿರುವುದು ನಿನ್ನ ಪರ್ಸಿನಲ್ಲಿ ಇಟ್ಟುಕೊಂಡು ಹೋದದ್ದು ಒಂದೇ. ಅದನ್ನು ಬಿಟ್ಟುಕೊಡುವ ಮನಸ್ಸು ಬಂದರೆ ಆ ಖಾಲಿ ಜಾಗಕ್ಕೆ ಅಂಟಿಸಿ ಕಳಿಸಮ್ಮ.